ಸರಸ್ವತಿಪುರಂನ ಆ ತಂಗಿಗೆ

ಲ್ಯಾಪ್‌ಟಾಪಿನ ಇಮೇಲ್ ತಂತ್ರಾಂಶ ಹೊಸ ಆವೃತ್ತಿಗೆ ಬದಲಾದದ್ದೇ ತಡ, ಪತ್ರ ಬರುವುದೂ ನಿಂತಿತು, ಹೋಗುವುದೂ ನಿಂತಿತು. ಅಪ್ಪನ ಆಸ್ಪತ್ರೆಯ ವಿಮೆ ಕಾಗದಗಳು ಅಂದೇ ತಲುಪಬೇಕಿತ್ತು. ಮೈಸೂರಿನ ಸರಸ್ವತಿಪುರಂನ ರಿಪೇರಿ ಅಂಗಡಿಗೆ ಓಡಿದಾಗ ಷಟರ್ ಅರ್ಧ ಇಳಿದಿತ್ತು.

ಒಳಗಿದ್ದ ಹುಡುಗಿ ನನ್ನ ಮುಖ ನೋಡಿದವಳೇ ಷಟರ್ ಮೇಲೆತ್ತಿದಳು. "ಮೊದಲು ಕಾಗದ ಹೋಗಲಿ ಅಕ್ಕ, ರಿಪೇರಿ ಆಮೇಲೆ" ಎಂದು ಬ್ರೌಸರ್‌ನಲ್ಲೇ ನನ್ನ ಖಾತೆ ತೆರೆಸಿದಳು. ನಾನು ಪಾಸ್‌ವರ್ಡ್ ಒತ್ತುವಾಗ ಎದ್ದು ಬಾಗಿಲ ಕಡೆ ತಿರುಗಿ ನಿಂತಳು. ಆ ಸೂಕ್ಷ್ಮ ಎಷ್ಟು ಜನರಿಗಿರುತ್ತದೆ! ಕಾಗದ ಹೋಯಿತು, ನನಗೆ ಉಸಿರು ಬಂತು.

ಆಮೇಲೆ ಸೆಟ್ಟಿಂಗ್ಸ್. ಪತ್ರಗಳನ್ನು ಸಾಗಿಸುವ ಸರ್ವರ್ ಸುರಕ್ಷಿತ ಸಂಪರ್ಕವನ್ನಷ್ಟೇ ಒಪ್ಪುತ್ತಿತ್ತು. ಅಪ್‌ಗ್ರೇಡ್ ಆದಾಗ ಆ ಆಯ್ಕೆಯೇ ಅಳಿಸಿಹೋಗಿತ್ತು. ಪತ್ರ ಬರುವುದಕ್ಕೆ ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ ಇದ್ದ ಹಾಗೆ) 993, ಹೋಗುವುದಕ್ಕೆ 587 ಎಂದು ತುಂಬಿ, ಎರಡಕ್ಕೂ ದಾರಿಯಲ್ಲಿ ಬೇರೆಯವರು ಓದಲಾಗದಂತೆ ಮಾಡುವ ಎನ್‌ಕ್ರಿಪ್ಶನ್ ಹಾಕಿದಳು. ತನ್ನ ಮೊಬೈಲಿಗೆ ಪತ್ರ ಕಳುಹಿಸಿ, ಅಲ್ಲಿಂದ ಉತ್ತರವನ್ನೂ ತರಿಸಿಕೊಂಡಳು. ಸಂಖ್ಯೆಗಳನ್ನು ಬಿಲ್ಲಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು.

ಹೆಸರು ಗೊತ್ತಿಲ್ಲ. ಇದು ನಿನ್ನ ಕಣ್ಣಿಗೆ ಬಿದ್ದರೆ ತಿಳಿದಿರಲಿ ತಂಗಿ, ವಿಮೆ ಮಂಜೂರಾಯಿತು, ಅಪ್ಪ ಮನೆಗೆ ಬಂದಿದ್ದಾರೆ. ತುಂಬಾ ಧನ್ಯವಾದ.