ಎಡಗಡೆಯಿಂದ ಮೂರೂವರೆ ಸುತ್ತು

ಮೊನ್ನೆ ಮಂಗಳವಾರ ಮಧ್ಯಾಹ್ನ ಒಂದು ಹಳೇ ಜೆರಾಕ್ಸ್ ಮೆಷಿನ್ನಿನ ಸ್ಕ್ಯಾನರ್ ಕೇಬಲ್ಲನ್ನು (ಗಾಜಿನ ಕೆಳಗಿನ ಲೈಟು, ಕನ್ನಡಿಗಳನ್ನು ಎಳೆಯುವ ಉಕ್ಕಿನ ಹಗ್ಗ) ನಾನೊಬ್ಬನೇ ಕೂತು ಸುತ್ತಿದೆ. ಎರಡೂ ಕೈ ಬಳಸಿ. ಮೊದಲಾಗಿದ್ದರೆ ಇಪ್ಪತ್ತು ನಿಮಿಷದ ಕೆಲಸ, ಈ ಸಲ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಗಾಜು ಕೂರಿಸಿ, ಟೆಸ್ಟ್ ಚಾರ್ಟ್ ಇಟ್ಟು ಬಟನ್ ಒತ್ತಿದೆ. ಕಾಪಿ ಬಂತು. ಆ ಹಾಳೆಯನ್ನು ಮಡಿಸದೆ ಮನೆಗೆ ತಂದು ಇಟ್ಟುಕೊಂಡಿದ್ದೇನೆ. ಅದಕ್ಕೇ ಇವತ್ತು ಇದನ್ನು ಬರೆಯಲು ಕೂತೆ.

ಐದು ತಿಂಗಳ ಹಿಂದೆ ಬಲಗೈ ಸ್ವಾಧೀನ ತಪ್ಪಿ, ಮಾತು ತೊದಲಿ ನಾನು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಆಸ್ಪತ್ರೆ ಬಿಲ್ಲಿಗೆ ಕೈಜೋಡಿಸಿದ ದುರ್ಗಿಗುಡಿಯ ಅಂಗಡಿಯವರು, ನನಗೆ ಬರುತ್ತಿದ್ದ ರಿಪೇರಿ ಕರೆಗಳನ್ನೆಲ್ಲ ಹಂಚಿಕೊಂಡು ಓಡಾಡಿದ ನಮ್ಮ ಲೈನಿನ ಹುಡುಗರು, ಎರಡು ಹೊತ್ತೂ ಡಬ್ಬಿ ಕಳಿಸಿದ ಪಕ್ಕದ ಮನೆಯ ಅಕ್ಕ, ಒಂದೊಂದೇ ಬೆರಳಿಗೂ ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ಮೇಡಂ, ಕೆಲಸಕ್ಕೆ ರಜೆ ಹಾಕಿ ಓಡಿ ಬಂದ ತಂಗಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಆದರೆ ಒಬ್ಬರ ಬಗ್ಗೆ ಒಂದು ಸಾಲಲ್ಲಿ ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ. ಹೆಸರು ಹಾಕಬೇಡ ಅಂದಿದ್ದಾರೆ. ಶಿವಮೊಗ್ಗದಲ್ಲಿ ಜೆರಾಕ್ಸ್ ರಿಪೇರಿ ಮಾಡುವವರಿಗೆ ಅಣ್ಣ ಅಂದರೆ ಸಾಕು, ಯಾರು ಅಂತ ತಿಳಿಯುತ್ತದೆ.

1993ರಲ್ಲಿ ನಾನು ಅಣ್ಣನ ಹಿಂದೆ ಬ್ಯಾಗ್ ಹೊತ್ತುಕೊಂಡು ಹೋಗುವ ಹುಡುಗ. ಬ್ಯಾಗಿನ ತೂಕಕ್ಕೆ ಭುಜ ಕೆಂಪಾಗುತ್ತಿತ್ತು. ಉದ್ದ ಸ್ಕ್ರೂಡ್ರೈವರ್, ಸ್ಪ್ರಿಂಗ್ ಎಳೆಯುವ ಕೊಕ್ಕೆ, ಮುಳ್ಳಿನ ಮೀಟರ್, ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಪುಟ್ಟ ಕನ್ನಡಿ, ಸ್ಪಿರಿಟ್ ಬಾಟಲಿ, ಹತ್ತಿ, ಹಳೇ ಬನಿಯನ್ ಬಟ್ಟೆ, ಬಾಗಿಲು ತೆಗೆದಿದ್ದಾಗಲೂ ಮೆಷಿನ್ ಓಡಲಿ ಅಂತ ಸ್ವಿಚ್ಚಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಚೂರು. ಮೊದಲ ಮೂರು ತಿಂಗಳು ನನ್ನಿಂದ ಬರೀ ಚಾರ್ಜ್ ವೈರ್ ಒರೆಸಿಸಿದರು. ಅದು ಕೂದಲೆಳೆಯಷ್ಟು ತೆಳ್ಳಗಿನ ಟಂಗ್‌ಸ್ಟನ್ ತಂತಿ. ಅಕ್ಷರ ಮೂಡುವ ಉರುಳೆ ಇದೆಯಲ್ಲ, ಆ ಡ್ರಮ್ಮಿಗೆ ಚಾರ್ಜ್ ಕೊಡಲು ಅದರ ಉದ್ದಕ್ಕೂ ಬಿಗಿದಿರುತ್ತದೆ, ಮೆಷಿನ್ ಓಡುವಾಗ ಅದರಲ್ಲಿ ಐದಾರು ಸಾವಿರ ವೋಲ್ಟ್ ಇರುತ್ತದೆ. ಬೆರಳಿನ ಜಿಡ್ಡು ತಾಗಿದರೂ ಸಾಕು, ಕಾಪಿಯಲ್ಲಿ ಉದ್ದಕ್ಕೆ ಗೆರೆ ಬೀಳುತ್ತದೆ. ಹತ್ತಿಗೆ ಒಂಚೂರು ಸ್ಪಿರಿಟ್ ಮುಟ್ಟಿಸಿ ಒಂದೇ ದಿಕ್ಕಿಗೆ ಎಳೆಯಬೇಕು. ತುಂಡಾದರೆ ರೀಲಿನಿಂದ ಹೊಸ ತಂತಿ ಕತ್ತರಿಸಿ, ಒಂದು ತುದಿಗೆ ಕುಣಿಕೆ ಹಾಕಿ, ಇನ್ನೊಂದು ತುದಿಗೆ ಸ್ಪ್ರಿಂಗ್ ಸಿಕ್ಕಿಸಿ, ಎಲ್ಲೂ ಸೊಟ್ಟಗಾಗದ ಹಾಗೆ ಬಿಗಿಯಬೇಕು. ಈಗ ಎಷ್ಟೋ ಮೆಷಿನ್‌ಗಳಲ್ಲಿ ತಂತಿಯೇ ಇಲ್ಲ, ಆ ಜಾಗದಲ್ಲಿ ರಬ್ಬರ್ ರೋಲರ್ ಇದೆ. ಹಾಳಾದರೆ ಡ್ರಮ್ ಯೂನಿಟ್ಟನ್ನೇ ತೆಗೆದು ಹೊಸದು ಹಾಕುತ್ತೇವೆ.

ಅಣ್ಣ ಕಲಿಸಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಅರ್ಧ ಕಾಪಿ. ಕಾಪಿ ಖಾಲಿ ಬರುತ್ತಿದೆ ಅಂದುಕೊಳ್ಳಿ. ಬಟನ್ ಒತ್ತಿ, ಕಾಗದ ಒಳಗೆ ಅರ್ಧ ದಾರಿ ಹೋಗುವ ಹೊತ್ತಿಗೆ ಮುಂದಿನ ಬಾಗಿಲು ತೆಗೆಯಬೇಕು. ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ಆಗ ಡ್ರಮ್ ಹೊರಗೆ ಎಳೆದು ನೋಡಬೇಕು. ಅದರ ಮೇಲೆ ಅಕ್ಷರ ಮೂಡಿದ್ದರೆ ಚಾರ್ಜು, ಲೈಟು, ಡ್ರಮ್ಮಿಗೆ ಪುಡಿ ಹಚ್ಚುವ ಡೆವಲಪರ್ ಎಲ್ಲ ಸರಿ ಇದೆ ಅಂತ, ತೊಂದರೆ ಇರುವುದು ಕಾಗದಕ್ಕೆ ಆ ಪುಡಿ, ಅಂದರೆ ಟೋನರ್, ಹತ್ತುವ ಕಡೆ. ಅಕ್ಷರ ಇಲ್ಲದಿದ್ದರೆ ಅದಕ್ಕಿಂತ ಹಿಂದೆ ಹುಡುಕಬೇಕು. ನಾನು ಮೊದಲ ಸಲ ಹಾಗೆ ನೋಡಿದ್ದು ಯಾರದೋ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಹಸಿರು ಡ್ರಮ್ಮಿನ ಮೇಲೆ ಕಪ್ಪು ಪುಡಿಯಲ್ಲಿ ಅಕ್ಷರಗಳೆಲ್ಲ ಉಲ್ಟಾ ನಿಂತಿದ್ದವು, ಬೆರಳು ತಾಗಿದರೆ ಅಳಿಸಿ ಹೋಗುವ ಹಾಗೆ. ಆ ಹುಡುಗನ ಗಣಿತದ ನಂಬರ್ ಓದಲು ನೋಡುತ್ತಾ ನಿಂತುಬಿಟ್ಟಿದ್ದೆ. ಈ ಕೆಲಸ ಬಿಡಬಾರದು ಅನಿಸಿದ್ದು ಅವತ್ತು.

ಮಲೆನಾಡಿನ ಮಳೆಗಾಲದ್ದು ಬೇರೆಯೇ ಪಾಠ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಜೂನ್ ಬಂತೆಂದರೆ ಒಂದೇ ದೂರು, ಕಾಪಿ ಅಲ್ಲಲ್ಲಿ ಬೆಳ್ಳಗೆ ಬರುತ್ತದೆ ಅಂತ. ಮೆಷಿನ್‌ನಲ್ಲಿ ಏನೂ ಕೆಟ್ಟಿರುವುದಿಲ್ಲ. ಕಾಗದ ತೇವ ಕುಡಿದಿರುತ್ತದೆ, ತೇವದ ಕಾಗದದಲ್ಲಿ ಚಾರ್ಜ್ ನಿಲ್ಲುವುದಿಲ್ಲ, ಚಾರ್ಜ್ ನಿಲ್ಲದಿದ್ದರೆ ಪುಡಿ ಡ್ರಮ್ ಬಿಟ್ಟು ಬರುವುದಿಲ್ಲ. ಅಣ್ಣ ಕಾಗದ ಇಡುವ ಕಪಾಟಿನೊಳಗೆ ಒಂದು ಸಣ್ಣ ಬಲ್ಬ್ ಹಾಕಿಸಿ, ರಾತ್ರಿ ಆರಿಸಬೇಡಿ ಅಂತ ಹೇಳಿ ಬರುತ್ತಿದ್ದರು. ಜಾರುವ ಫೀಡ್ ರೋಲರ್‌ಗೆ ಮರಳು ಕಾಗದ ಉಜ್ಜುವುದು, ಡ್ರಮ್ ಒರೆಸುವ ಹೊಸ ಬ್ಲೇಡ್ ಮಡಚಿಕೊಳ್ಳದ ಹಾಗೆ ಅದರ ಅಂಚಿಗೆ ಟೋನರ್ ಸವರುವುದು, ಅಂಗಿಗೆ ಟೋನರ್ ಬಿದ್ದರೆ ತಣ್ಣೀರಲ್ಲೇ ತೊಳೆಯುವುದು (ಬಿಸಿ ನೀರು ಹಾಕಿದರೆ ಕರಗಿ ಬಟ್ಟೆಗೇ ಕೂರುತ್ತದೆ), ಇವೆಲ್ಲ ನನಗೆ ಅವರ ಬಾಯಿಂದಲೇ ಬಂದದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ, ಜೆರಾಕ್ಸ್ ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಕತೆ ಹೇಳುತ್ತಿದ್ದರು. ಪೇಟೆಂಟ್ ಕಾಗದಗಳನ್ನು ಕೈಯಲ್ಲಿ ನಕಲು ಮಾಡಿ ಮಾಡಿ ಬೇಸತ್ತಿದ್ದ ಮನುಷ್ಯ, ಮೇಲಿಂದ ಸಂಧಿವಾತ ಬೇರೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ ಗಂಧಕ ಹಚ್ಚಿದ ಸತುವಿನ ತಗಡನ್ನು ಕರ್ಚೀಫಿನಿಂದ ಉಜ್ಜಿ ಚಾರ್ಜ್ ಮಾಡಿ, ಮೊದಲ ಕಾಪಿ ತೆಗೆದರು. ‘ಮೊದಲನೇ ಚಾರ್ಜ್ ವೈರ್ ಅಂದ್ರೆ ಆ ಕರ್ಚೀಫು ಕಣೋ’ ಅನ್ನುತ್ತಿದ್ದರು ಅಣ್ಣ. ಎಷ್ಟು ಸಲ ಹೇಳಿದರೂ ಅವರಿಗೆ ಅದೇ ಖುಷಿ.

ಈಗ ಆ ರಾತ್ರಿಯ ವಿಷಯ.

ಆಸ್ಪತ್ರೆಯಲ್ಲಿ ಮೂರನೇ ರಾತ್ರಿ. ಹೆಂಡತಿ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಅಣ್ಣನಿಗೆ ಎಪ್ಪತ್ತರ ಹತ್ತಿರ ವಯಸ್ಸು. ‘ನೀನು ಮನೆಗೆ ಹೋಗಿ ಮಲಗಮ್ಮ, ಇವತ್ತು ನಾನಿರ್ತೀನಿ’ ಅಂತ ಅವಳನ್ನು ಕಳಿಸಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಎರಡು ಗಂಟೆ ದಾಟಿರಬೇಕು. ನನ್ನ ಬಲಗೈ ಹೊದಿಕೆ ಮೇಲೆ ಸುಮ್ನೆ ಬಿದ್ದಿತ್ತು, ಯಾರದೋ ಕೈ ತಂದು ಅಲ್ಲಿ ಇಟ್ಟ ಹಾಗೆ. ಮಾತು ತೊದಲುತ್ತಿತ್ತು. ‘ಅಣ್ಣ, ಬ್ಯಾಗ್ ಮಾರಿಬಿಡಿ, ಬಂದ ದುಡ್ಡು ಅವಳಿಗೆ ಕೊಡಿ’ ಅಂದೆ. ಆಮೇಲೆ ಅಳು ಬಂತು. ತಡೆಯಲು ಆಗಲಿಲ್ಲ. ಪಕ್ಕದ ಬೆಡ್ಡಿನವರು ಎದ್ದು ಕೂತರು. ಅಪ್ಪ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅಣ್ಣ ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ‘ಕೋರ್ಟ್ ಎದುರಿನ ಅಂಗಡಿಯಲ್ಲಿ ಆ ದೊಡ್ಡ ಮೆಷಿನ್ ಇತ್ತಲ್ವಾ. ಅದರ ಕೇಬಲ್ ಯಾವ ಕಡೆಯಿಂದ ಶುರು ಮಾಡ್ತಿದ್ದೆ?’

ಈ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಗಾಜಿನ ಕೆಳಗೆ ಎರಡು ಗಾಡಿ ಓಡುತ್ತವೆ. ಲೈಟು, ಮೊದಲ ಕನ್ನಡಿ ಇರುವುದು ಒಂದು, ಉಳಿದ ಎರಡು ಕನ್ನಡಿ ಇರುವುದು ಇನ್ನೊಂದು. ಎರಡನೆಯದು ಮೊದಲನೆಯದರ ಅರ್ಧ ವೇಗದಲ್ಲಿ ಓಡಬೇಕು, ಎರಡನ್ನೂ ಎಳೆಯುವುದು ಅದೇ ಉಕ್ಕಿನ ಹಗ್ಗ. ಹಿಂದೆ ಒಂದು, ಮುಂದೆ ಒಂದು, ಎರಡೂ ಕಡೆ ಬಿಗಿ ಸಮ ಇರಬೇಕು. ಇಲ್ಲದಿದ್ದರೆ ಕನ್ನಡಿ ಓರೆಯಾಗಿ ಕಾಪಿಯೂ ಓರೆಯಾಗುತ್ತದೆ. ಒಂದು ಕೈ ಸುತ್ತನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಕೈ ಎಳೆಯಬೇಕು, ನಡುವೆ ಟೇಪ್ ಅಂಟಿಸಬೇಕು. ಒಂದು ಸುತ್ತು ಜಾರಿದರೆ ಮೊದಲಿಂದ ಶುರು.

‘ಎಡಗಡೆಯಿಂದ ಮೂರೂವರೆ ಸುತ್ತು’ ಅಂದೆ.

‘ಆಮೇಲೆ?’

ಹೇಳುತ್ತಾ ಹೋದೆ. ಒಂದು ಕಡೆ ತಪ್ಪಿದೆ. ‘ಹಾಗೆ ಹಾಕಿದ್ರೆ ಹಿಂದಿನ ಪುಲ್ಲಿ ಬಿಟ್ಟುಹೋಯ್ತು ಮಾರಾಯ, ಬಿಚ್ಚು’ ಅಂದರು. ಮನಸ್ಸಲ್ಲೇ ಬಿಚ್ಚಿ ಮತ್ತೆ ಸುತ್ತಿದೆ. ಅದು ಮುಗಿದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಷಿನ್, ಅದಾದ ಮೇಲೆ ಸಾಗರದ ಕಾಲೇಜಿನದು. ಹೀಗೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಾ ಹೋಗುತ್ತಾ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಐದೂವರೆಗೆ ಸಿಸ್ಟರ್ ಬಂದು ಎಬ್ಬಿಸಿದಾಗ ಅಣ್ಣ ಅದೇ ಕುರ್ಚಿಯಲ್ಲಿ ಕೂತಿದ್ದರು. ನನ್ನ ಬಲಗೈ ಅವರ ಎರಡೂ ಕೈಗಳ ನಡುವೆ ಇತ್ತು.

ಮನೆಗೆ ಬಂದ ಮೇಲೆ ಅವರು ಅಟ್ಟದಿಂದ ಒಂದು ಹಳೇ ಮೆಷಿನ್ನಿನ ಫ್ರೇಮು, ಎರಡು ಪುಲ್ಲಿ, ಒಂದು ಉಕ್ಕಿನ ಕೇಬಲ್ ಇಳಿಸಿ ಆಟೋದಲ್ಲಿ ಹಾಕಿಕೊಂಡು ಬಂದರು. ದಿನಾ ಸಂಜೆ ನಾಲ್ಕಕ್ಕೆ ಸಿಟಿ ಬಸ್ಸಲ್ಲಿ ಬರುತ್ತಿದ್ದರು, ಮಳೆ ಇದ್ದರೂ. ಮೊದಮೊದಲು ಕೇಬಲ್ ಹಿಡಿದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ, ಕೆಳಗೆ ಬಿದ್ದ ಶಬ್ದ ಕೇಳಿದರೆ ಮಾತ್ರ ಗೊತ್ತಾಗುತ್ತಿತ್ತು. ಬಿದ್ದಾಗೆಲ್ಲ ಅವರೇ ಬಗ್ಗಿ ಎತ್ತಿಕೊಡುತ್ತಿದ್ದರು. ಆ ವಯಸ್ಸಲ್ಲಿ ದಿನಕ್ಕೆ ಎಷ್ಟು ಸಲ ಬಗ್ಗಿದರೋ ನಾನು ಎಣಿಸಿಲ್ಲ, ನನ್ನ ಹೆಂಡತಿ ಎಣಿಸಿದ್ದಾಳಂತೆ, ಒಂದು ದಿನ ನಲವತ್ತಕ್ಕೂ ಜಾಸ್ತಿ.

ಮಂಗಳವಾರದ ಮೆಷಿನ್ ಒಂದು ಶಾಲೆಯ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ಅಣ್ಣನೇ ಕೇಳಿ ತರಿಸಿದ್ದು. ನಾನು ಸುತ್ತುವಾಗ ಒಳಗೆ ಬರಲಿಲ್ಲ, ಜಗಲಿ ಮೇಲೆ ಕೂತಿದ್ದರು. ಕಾಪಿ ತಂದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು, ಚಾರ್ಟಿನ ಗೆರೆಗೆ ಇಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ಅದೇ 1993ರ ದನಿಯಲ್ಲಿ ಅಂದರು. ‘ಹಿಂದಿನ ಕೇಬಲ್ ಸ್ವಲ್ಪ ಸಡಿಲ ಇದೆ. ಅರ್ಧ ಮಿಲ್ಲಿ ಓರೆ. ಭಾನುವಾರ ಬಂದು ಬಿಚ್ಚಿ ಮತ್ತೆ ಹಾಕು.’

ನಮ್ಮ ಲೈನಿನ ಹುಡುಗರಿಗೆ ಒಂದು ಮಾತು. ಹಳೇ ಸರ್ವಿಸ್ ಮ್ಯಾನುವಲ್, ಚಾರ್ಜ್ ವೈರ್ ರೀಲು ಏನಾದರೂ ಇದ್ದರೆ ಗುಜರಿಗೆ ಹಾಕಬೇಡಿ, ಅಣ್ಣನಿಗೆ ಬೇಕು. ನೋಡಬೇಕು ಅನ್ನುವವರು ಭಾನುವಾರ ಹತ್ತು ಗಂಟೆಗೆ ಅವರ ಮನೆಗೆ ಬನ್ನಿ.

ಅಣ್ಣ, ನಾನು ಒಂಬತ್ತಕ್ಕೇ ಬರುತ್ತೇನೆ. ಟೇಪು ನಾನೇ ತರುತ್ತೇನೆ.