ಮಗಳಿಗೊಂದು ಪತ್ರ: ಟೈರ್ ತಗೊಳ್ಳುವ ಮುಂಚೆ

ಗದಗ

ಪ್ರೀತಿಯ ಮಗಳಿಗೆ,

ನಾವಿಲ್ಲಿ ಆರಾಮ ಇದ್ದೇವೆ. ನೀನೂ ಧಾರವಾಡದಲ್ಲಿ ಆರಾಮ ಅಂದುಕೊಂಡಿದ್ದೇನೆ. ಸೈಕಲ್ಲಿಗೆ ಹೊಸ ಟೈರ್ ಹಾಕಿಸಬೇಕು, ರೇಸಿನವರು ಹಾಕುವಂಥ ಹಗುರ ಟೈರ್ ನೋಡಿಟ್ಟಿದ್ದೇನೆ ಅಂದೆಯಲ್ಲ, ಅದರ ಬಗ್ಗೆ ಫೋನಿನಲ್ಲಿ ಹೇಳಿದರೆ ಅರ್ಧ ಮರೆತೇಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅದು ಬೇಡ ಮಗಳೇ. ನಮ್ಮ ರಸ್ತೆಗೆ ತಡೆಯುವಂಥದ್ದು ತಗೋ. ಸ್ವಲ್ಪ ಭಾರ ಇದ್ದರೆ ಇರಲಿ.

ರೇಸಿನವರಿಗೆ ಹಿಂದೆಯೇ ಕಾರು ಬರುತ್ತದೆ. ಪಂಕ್ಚರ್ ಆದರೆ ಇನ್ನೊಂದು ಚಕ್ರ ಕೈಗೆ ಸಿಗುತ್ತದೆ. ನೀನು ಹುಬ್ಬಳ್ಳಿ ದಾಟಿ ಅಣ್ಣಿಗೇರಿ ಮೇಲೆ ಊರಿಗೆ ಬರುವಾಗ ಎರಡೂ ಕಡೆ ಎರೆ ಹೊಲ. ಮಧ್ಯಾಹ್ನ ಎಷ್ಟೋ ದೂರ ನೆರಳು ಸಿಗಲ್ಲ, ಪಂಕ್ಚರ್ ತೆಗೆಯುವವರು ಎಲ್ಲಿ ಸಿಗಬೇಕು? ರಸ್ತೆ ಅಂಚಿಗೆ ನೆಗ್ಗಿಲು ಮುಳ್ಳು ಬೇರೆ. ಆ ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ಮುಳ್ಳಾದರೂ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಲಾರಿ ಟೈರ್ ಒಡೆದಾಗ ಚೂರಾಗಿ ಬೀಳುವ ಉಕ್ಕಿನ ತಂತಿ. ಕೂದಲಿನಷ್ಟು ಸಣ್ಣ. ಟೈರಿನೊಳಗೆ ಸೇರಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಟ್ಯೂಬ್ ಬದಲಿಸುತ್ತೀಯ, ಸ್ವಲ್ಪ ದೂರ ಹೋಗುತ್ತೀಯ, ಮತ್ತೆ ಗಾಳಿ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಟೈರನ್ನು ಪೂರ್ತಿ ಕಳಚಿ, ಒಳಗಡೆ ಒಂದು ಚೂರು ಹತ್ತಿಯನ್ನು ಸುತ್ತಲೂ ಸವರು. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ತಂತಿ. ಬೆರಳಿನಿಂದ ಹುಡುಕಬೇಡ, ಚುಚ್ಚುತ್ತದೆ. ಹುಬ್ಬು ಕೀಳುವ ಚಿಮಟ ನಿನ್ನ ಹತ್ತಿರ ಇದೆ, ಅದನ್ನೂ ಚೀಲದಲ್ಲಿ ಇಟ್ಟುಕೋ.

ಹಾಗಾಗಿ ಟೈರ್ ನೋಡುವಾಗ ಮೊದಲು ಕೇಳಬೇಕಾದದ್ದು, ರಬ್ಬರಿನ ಕೆಳಗೆ ಪಂಕ್ಚರ್ ತಡೆಯುವ ಪಟ್ಟಿ ಇದೆಯಾ ಅಂತ. ಅರಾಮಿಡ್‌ನಂಥ ಗಟ್ಟಿ ನೂಲಿನಿಂದ ಮಾಡಿರುತ್ತಾರೆ. ಟಿಪಿಐ ಅಂತ ಒಂದು ಸಂಖ್ಯೆಯೂ ಬರೆದಿರುತ್ತದೆ. ಟೈರಿನ ಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಅನ್ನುವ ಲೆಕ್ಕ ಅದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡ. ಬೆಟಗೇರಿ ಮಗ್ಗದವರನ್ನು ಕೇಳು: ನೂಲು ಸಣ್ಣದಾದಷ್ಟು ಬಟ್ಟೆ ನುಣುಪು, ಬಾಳಿಕೆಗೆ ದಪ್ಪ ನೂಲೇ ಬೇಕು. ಟೈರಿಗೂ ಅದೇ ಮಾತು. 60ರ ಆಸುಪಾಸು ಇದ್ದರೆ ಸಾಕು. ಕಾಂಟಿನೆಂಟಲ್‌ನವರ ಗೇಟರ್‌ಸ್ಕಿನ್ ಮೇಲೆ 180 ಅಂತ ಕಂಡರೆ ಗಾಬರಿಯಾಗಬೇಡ, ಅದು ಮೂರು ಪದರ ಕೂಡಿಸಿದ ಲೆಕ್ಕ. ಆ ಟೈರ್ ಪಕ್ಕೆಯೂ ಗಟ್ಟಿ, ಬಹಳ ದಿನ ಬರುತ್ತದೆ. ಮಳೆಯಲ್ಲಿ ಮಾತ್ರ ಹಿಡಿತ ಕಮ್ಮಿ ಅಂತ ಓಡಿಸುವವರು ಹೇಳುತ್ತಾರೆ. ಧಾರವಾಡದ ಮಳೆ ಗೊತ್ತಲ್ಲ, ತಿರುವಿನಲ್ಲಿ ನಿಧಾನ ಮಾಡು. ನುಣುಪು ಟೈರ್ ಜಾರುತ್ತದೆ, ಹಲ್ಲಿರುವುದು ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಕಾರಿನ ಅಗಲ ಟೈರಿಗೆ ಅದು ಬೇಕು. ಸೈಕಲ್ ಟೈರ್ ತೆಳು, ತಾನೇ ನೀರು ಸರಿಸಿಕೊಂಡು ಹೋಗುತ್ತದೆ.

ಇನ್ನು ಅಳತೆ. ಇದನ್ನು ನಿಧಾನಕ್ಕೆ ಓದು. ಟೈರಿನ ಪಕ್ಕೆಯಲ್ಲಿ 700×28ಸಿ ಅಂತ ಒಂದು, 28-622 ಅಂತ ಇನ್ನೊಂದು ಇರುತ್ತದೆ. ಎರಡನೆಯದನ್ನು ನಂಬು. 28 ಮಿ.ಮೀ. ಅಗಲ, 622 ಮಿ.ಮೀ. ಅಂದರೆ ಟೈರ್ ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಅಂಗಡಿಗೆ ಹೋಗಿ ಸುಮ್ನೆ ‘28ರ ಟೈರ್ ಕೊಡಿ’ ಅಂದರೆ ನಿನ್ನ ಅಜ್ಜ ಓಡಿಸುತ್ತಿದ್ದ ದೊಡ್ಡ ಸೈಕಲ್ಲಿನ ಟೈರ್ ಕೊಟ್ಟಾರು. ಅದು 28 ಇಂಚಿನದು, ಒಂದೂವರೆ ಇಂಚು ಅಗಲ, ಕೂರುವ ವ್ಯಾಸ 635. ನಿನ್ನ ರಿಮ್ಮಿಗೆ 13 ಮಿ.ಮೀ. ಸಡಿಲ, ಗಾಳಿ ಹೊಡೆದರೆ ಕಳಚಿ ಬರುತ್ತದೆ. ನಿನಗೆ ಈಗಿರುವ 25ಕ್ಕಿಂತ 28 ಒಳ್ಳೆಯದು. ಆದರೆ ಬ್ರೇಕಿಗೂ ಫ್ರೇಮಿಗೂ ಟೈರಿಗೂ ನಡುವೆ ಮೂರ್ನಾಲ್ಕು ಮಿ.ಮೀ. ಜಾಗ ಉಳಿಯಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿಕೊಂಡರೆ ಚಕ್ರವೇ ತಿರುಗಲ್ಲ.

ಗಾಳಿ ವಾರಕ್ಕೊಮ್ಮೆಯಾದರೂ ನೋಡು. ತೂತಿಲ್ಲದ ಟ್ಯೂಬಿನಿಂದಲೂ ಗಾಳಿ ಮೆಲ್ಲಗೆ ಇಳಿಯುತ್ತದೆ. ಕಮ್ಮಿಯಾದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. 28ರ ಟೈರಿಗೆ ನಿನ್ನ ತೂಕದವರು ಮುಂದೆ 60, ಹಿಂದೆ 65–70 ಪಿಎಸ್‌ಐ (ಗಾಳಿಯ ಒತ್ತಡದ ಲೆಕ್ಕ) ಹತ್ತಿರ ಶುರು ಮಾಡಬಹುದು. ಟೈರ್ ಮೇಲೆ ಬರೆದ ಮಿತಿ ದಾಟಬೇಡ. ಪೆಟ್ರೋಲ್ ಬಂಕಿನಲ್ಲಿ ಹೊಡೆಸಬೇಡ. ಅವರ ಪೈಪು ನಿನ್ನ ಟ್ಯೂಬಿನ ಸಣ್ಣ ವಾಲ್‌ಗೆ ಕೂರಲ್ಲ, ಹಿತ್ತಾಳೆ ಅಡಾಪ್ಟರ್ ಹಾಕಿ ಕೂರಿಸಿದರೂ ತೆಳು ಟೈರ್ ಕ್ಷಣದಲ್ಲಿ ಮಿತಿ ಮೀರುತ್ತದೆ. ಮೀಟರ್ ಇರುವ ಪಂಪಿಗೆ ದುಡ್ಡು ನಾನು ಕೊಡುತ್ತೇನೆ.

ಟೈರ್ ಕೂರಿಸುವಾಗ ಕಂಪನಿ ಹೆಸರು ವಾಲ್ ಪಕ್ಕದಲ್ಲೇ ಬರಲಿ. ಟ್ಯೂಬಿನಲ್ಲಿ ತೂತು ಸಿಕ್ಕರೆ ಟೈರಿನಲ್ಲಿ ಮುಳ್ಳು ಎಲ್ಲಿದೆ ಅಂತ ವಾಲಿನಿಂದ ಅಳೆದು ಹೇಳಬಹುದು. ತೇಪೆ ಹಾಕುವಾಗ ಸಲ್ಯೂಷನ್ ಒಣಗುವ ತನಕ ಕಾಯಿ, ಹಸಿ ಇದ್ದಾಗಲೇ ಅಂಟಿಸಿದರೆ ನಿಲ್ಲಲ್ಲ. ಊರು ಸುತ್ತಿ ಬಂದ ಮೇಲೆ ಚಕ್ರ ತಿರುಗಿಸಿ ಗಾಜಿನ ಚೂರು, ಕಲ್ಲು ಕಿತ್ತುಹಾಕು. ಇವತ್ತು ಕೂತ ಚೂರು ನಾಲ್ಕು ದಿನದ ಮೇಲೆ ಒಳಗೆ ಇಳಿಯುತ್ತದೆ. ಸೀಮೆಎಣ್ಣೆ, ಡೀಸೆಲ್ ಹಚ್ಚಿ ಒರೆಸಬೇಡ, ರಬ್ಬರ್ ಕೆಡುತ್ತದೆ. ಸೋಪಿನ ನೀರು ಸಾಕು. ಬಾಲ್ಕನಿ ಬಿಸಿಲಿಗೂ ಬಿಡಬೇಡ.

ಹಿಂದಿನ ಟೈರ್ ಬೇಗ ಸವೆಯುತ್ತದೆ, ಭಾರ ಅಲ್ಲೇ ಜಾಸ್ತಿ ಅಲ್ವಾ. ನಡುವೆ ಚಪ್ಪಟೆಯಾದರೆ, ಕೆಲವು ಟೈರಿನಲ್ಲಿ ಸವೆತ ತೋರಿಸಲು ಇರುವ ಸಣ್ಣ ಗುಳಿಗಳು ಮಾಯವಾದರೆ, ಮುಗಿಯಿತು. ಆಗ ಮುಂದಿನದನ್ನು ಹಿಂದೆ ಹಾಕು, ಹೊಸದನ್ನು ಮುಂದೆ ಹಾಕು. ಸವೆದದ್ದು ಮುಂದೆ ಯಾವತ್ತೂ ಬೇಡ. ಹಿಂದಿನದು ಒಡೆದರೆ ಹೇಗೋ ನಿಲ್ಲಿಸುತ್ತೀಯ, ಮುಂದಿನದು ಒಡೆದರೆ ಬೀಳುತ್ತೀಯ. ಇದನ್ನು ಮಾತ್ರ ನನ್ನ ಮೇಲೆ ಆಣೆ ಇಟ್ಟು ನಡೆಸಿಕೊಡು.

ಆರ್ಡರ್ ಹಾಕುವ ಮುಂಚೆ ರಿಮ್ಮಿನ ಮೇಲಿನ ಸಂಖ್ಯೆಯನ್ನೂ ಬ್ರೇಕಿನ ಹತ್ತಿರದ ಜಾಗವನ್ನೂ ಫೋಟೊ ತೆಗೆದು ಕಳಿಸು. ಅಪ್ಪನೂ ನೋಡುತ್ತಾರಂತೆ.

ನಿನ್ನ
ಅವ್ವ