ಆ ಹೊತ್ತಿನ ಪಾಡು ಆ ಹೊತ್ತಿಗೆ

ಪ್ರೀತಿಯ ದೋಸ್ತ,

ಅಪ್ಪ ಇದ್ದಿದ್ದರೆ ಈ ಕಾಗದವನ್ನು "ಕರ್ತನ ನಾಮದಲ್ಲಿ ವಂದನೆಗಳು" ಅಂತ ಶುರು ಮಾಡುತ್ತಿದ್ದರು. ಅವರು ಬರೆಯುತ್ತಿದ್ದ ಇನ್‌ಲ್ಯಾಂಡ್ ಲೆಟರುಗಳಲ್ಲಿ ಮೇಲಿನ ಸಾಲು ಯಾವಾಗಲೂ ಅದೇ. ಕೆಳಗೆ ಮಾತ್ರ ಬೇರೆ ಬೇರೆ ಸುದ್ದಿ: ಮಳೆ ಇಲ್ಲ, ಎಮ್ಮೆ ಈಯಿತು, ಸಾಧ್ಯವಾದರೆ ಸ್ವಲ್ಪ ದುಡ್ಡು ಕಳಿಸು. ನಾನು ಹಾಗೆ ಶುರು ಮಾಡಿದರೆ ನೀನು ನಗುತ್ತೀಯ. ಅದಕ್ಕೇ ಬಿಟ್ಟೆ.

ನಿನ್ನ ಮೆಸೇಜು ರಾತ್ರಿ ಎರಡೂವರೆಗೆ ಬಂದಿತ್ತು. ಆ ಹೊತ್ತಿಗೆ ಎದ್ದು ಕೂತಿದ್ದೀಯ ಅಂದಾಗಲೇ ಅರ್ಧ ವಿಷಯ ಗೊತ್ತಾಯಿತು. ಅಂಗಡಿ ಬಾಡಿಗೆ ಬಾಕಿ, ಮಗಳ ಫೀಸು, ಫೈನಾನ್ಸ್‌ನವರ ಫೋನು, ಅತ್ತೆಯ ಮಂಡಿ ಆಪರೇಷನ್ನು, ಎಲ್ಲಾ ಒಂದೇ ಉಸಿರಲ್ಲಿ ಬರೆದು ಕೊನೆಗೆ "ನೀನು ಇನ್ನೂ ಚರ್ಚಿಗೆ ಹೋಗ್ತೀಯಲ್ಲ, ಪ್ರಾರ್ಥನೆ ಮಾಡಿದರೆ ಇದೆಲ್ಲ ಸರಿಹೋಗುತ್ತಾ? ನಿಜ ಹೇಳು" ಅಂತ ಕೇಳಿದ್ದೀಯ. ಸರಿಹೋಗುತ್ತೆ ಅಂತ ಮಾತು ಕೊಡಲಾರೆ ದೋಸ್ತ. ಆದರೂ ನಾನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನೋದು ನನಗೂ ಸರಿಯಾಗಿ ಗೊತ್ತಿರಲಿಲ್ಲ, ಎರಡು ದಿನ ಕೂತು ಯೋಚಿಸಿದೆ.

ಮೊದಲು ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ. ಅಪ್ಪನಿಗೆ ಹುಷಾರಿಲ್ಲದಾಗ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದ್ದೆವು, ನಿನಗೆ ನೆನಪಿರಬೇಕು. ಮನೆ ತುಂಬ ಜನ, ಚಾಪೆ ಸಾಲದೆ ಪಕ್ಕದ ಮನೆಯಿಂದ ಜಮಖಾನೆ ತಂದು ಹಾಸುತ್ತಿದ್ದೆವು. ಅಪ್ಪ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಎಲ್ಲೋ ವಿಶ್ವಾಸ ಕಮ್ಮಿ ಬಿತ್ತೇನೋ ತಮ್ಮಾ" ಅಂದರು. ಅದು ಇವತ್ತಿಗೂ ಚುಚ್ಚುತ್ತದೆ. ಬೈಬಲಿನ ಅಪೊಸ್ತಲ ಪೌಲನಿಗೂ ಒಂದು ಮುಳ್ಳು ಚುಚ್ಚುತ್ತಿತ್ತಲ್ಲ, ಶರೀರದಲ್ಲಿ ನಾಟಿದ್ದು? ಅದನ್ನು ತೆಗೆ ಅಂತ ಕರ್ತನನ್ನು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನೋ ಉತ್ತರ ಸಿಕ್ಕಿತು ಅಷ್ಟೇ. ಪೌಲನಿಗೇ ವಿಶ್ವಾಸ ಕಮ್ಮಿ ಇತ್ತು ಅಂತ ಯಾರಾದರೂ ಹೇಳ್ತಾರಾ? ಆ ಹಿರಿಯರಿಗೆ ಇದನ್ನು ಕೇಳಬೇಕಿತ್ತು. ಆವತ್ತು ಹೊಳೆಯಲಿಲ್ಲ.

ಆಮೇಲೆ ಸುಮಾರು ತಿಂಗಳು ನಾನು ಪ್ರಾರ್ಥನೆ ಮಾಡಲೇ ಇಲ್ಲ. ಭಾನುವಾರ ಅವ್ವನನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಿಡೋದು, ಆರಾಧನೆ ಮುಗಿಯೋವರೆಗೆ ಹೊರಗೆ ಬೇವಿನ ಮರದ ಕೆಳಗೆ ನಿಲ್ಲೋದು. ವಾಪಸ್ ಒಳಗೆ ಬಂದದ್ದು ಬೈಬಲಿನ 13ನೆಯ ಕೀರ್ತನೆಯಿಂದ. ಇರೋದು ಆರೇ ವಚನ. ಅದನ್ನು ಬರೆದವನು ಶುರುವಿನಲ್ಲೇ ದೇವರಿಗೆ ನಾಲ್ಕು ಸಲ ಇನ್ನೂ ಎಷ್ಟು ದಿನ, ಎಷ್ಟು ದಿನ ಅಂತ ಕೇಳುತ್ತಾನೆ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಕೇಳಿದ ಹಾಗೆ. ಕೊನೆಗೆ ಭರವಸೆಯ ಮಾತಿಗೆ ಬರುತ್ತಾನೆ ಅನ್ನು. 88ರಲ್ಲಿ ಅದೂ ಇಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಂಡೇ ಸ್ಕೂಲಿನಲ್ಲಿ ನಮಗೆ 23ನ್ನು ಬಾಯಿಪಾಠ ಮಾಡಿಸಿದರು. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ನೀನು ಎಲ್ಲೂ ತಡೆಯದೆ ಹೇಳಿ ಪೆನ್ಸಿಲ್ ಬಾಕ್ಸ್ ಹೊಡೆದುಕೊಂಡೆ. 88ನ್ನು ಯಾರೂ ಕಲಿಸಲಿಲ್ಲ. ಕಲಿಸಬೇಕಿತ್ತು. ರಾತ್ರಿ ಎರಡೂವರೆಗೆ ಬೇಕಾಗೋದು ಅದೇ.

ಇನ್ನು ದುಡ್ಡಿನ ವಿಷಯ. ಆಗ ನಾನು ಲೆಕ್ಕ ಬರೆಯುತ್ತಿದ್ದ ಕಡೆ ಮೂರು ತಿಂಗಳು ಪಗಾರ ಆಗಲಿಲ್ಲ. ನಿನಗೂ ಹೇಳಿರಲಿಲ್ಲ, ಮರ್ಯಾದೆ ಪ್ರಶ್ನೆ. ಆಗ ನನ್ನ ಪ್ರಾರ್ಥನೆ ಹೇಗಿತ್ತು ಗೊತ್ತಾ? ಕರ್ತನೇ, ಒಂದು ಒಳ್ಳೆ ಕೆಲಸ ಕೊಡು, ಸ್ವಂತ ಮನೆ ಕೊಡು, ಒಂದೇ ಸಲಕ್ಕೆ ಎಲ್ಲ ಮುಗಿಸಿಬಿಡು. ಲಾಟರಿ ಟಿಕೆಟ್ ತಗೊಂಡವನ ಹಾಗೆ. ಬುಧವಾರದ ಮನೆಪ್ರಾರ್ಥನೆಯಲ್ಲಿ ಎಲ್ಲರೂ ಅವರವರ ವಿಷಯ ಹೇಳುತ್ತಾರಲ್ಲ, ನನ್ನ ಸರದಿ ಬಂದಾಗ ನಾನು "ಕುಟುಂಬದ ಆಶೀರ್ವಾದಕ್ಕಾಗಿ" ಅಂದೆ. ಮೇಲಿನ ಓಣಿಯ ಆಯಿ ಕನ್ನಡಕ ಸರಿ ಮಾಡಿಕೊಂಡು, "ಆಶೀರ್ವಾದ ಅಂದ್ರ ಏನೋ? ಮನ್ಯಾಗ ಅಕ್ಕಿ ಐತೋ ಇಲ್ಲೋ, ಅದನ್ನ ಹೇಳು" ಅಂದಳು. ಎಲ್ಲರ ಮುಂದೆ! ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆದರೆ ಹೇಳಿದೆ. ಪಗಾರ ಆಗಿಲ್ಲ, ಬಾಡಿಗೆ ಕೊಟ್ಟಿಲ್ಲ, ಅವ್ವನ ಶುಗರ್ ಗುಳಿಗೆ ನಾಲ್ಕು ದಿನಕ್ಕಷ್ಟೇ ಇದೆ. ಹೇಳಿದ ಮೇಲೆ ನಾಲ್ಕು ದಿನದ ಗುಳಿಗೆ ಇದೆಯಲ್ಲ ಅನ್ನೋದು ನನಗೇ ಮೊದಲ ಸಲ ಕೇಳಿಸಿತು.

ಆ ರಾತ್ರಿ ಮನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ ಒಂದು ಕಡೆ ನಿಂತುಬಿಟ್ಟೆ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಮೂರನೇ ವಯಸ್ಸಿನಿಂದ ಹೇಳಿಕೊಂಡು ಬಂದ ಸಾಲು. ಈ ಹೊತ್ತು ಅಂತ ಇದೆ. ಈ ತಿಂಗಳು ಅಂತಿಲ್ಲ, ಮಗಳ ಮದುವೆವರೆಗೆ ಅಂತಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಸಿಕ್ಕಿದ್ದೂ ಹೀಗೇ, ಅವತ್ತಿಗೆ ಎಷ್ಟು ಬೇಕೋ ಅಷ್ಟು. ನಾಳೆಗಿರಲಿ ಅಂತ ಎತ್ತಿಟ್ಟವರ ಮನ್ನ ಬೆಳಿಗ್ಗೆ ಹುಳ ಬಿದ್ದು ನಾತ ಹೊಡೆಯಿತು. ನಾನೂ ನೀನೂ ನಾಳೆಯ ಚಿಂತೆಯನ್ನು ಇವತ್ತೇ ತುಂಬಿಟ್ಟುಕೊಳ್ಳುತ್ತೇವೆ, ಎರಡೂವರೆಗೆ ಹೊಡೆಯೋದು ಅದರ ನಾತ. ಬೆಟ್ಟದ ಪ್ರಸಂಗದಲ್ಲಿ ಯೇಸುಸ್ವಾಮಿ ಹೇಳಿದ ಮಾತು ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, "ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು" ಅಂತಿದೆ. ನಮ್ಮ ಭಾಷೆಯಲ್ಲಿ ಹೊತ್ತು ಅಂದರೆ ಸಮಯವೂ ಹೌದು, ತಲೆ ಮೇಲೆ ಹೊತ್ತು ತಿರುಗೋದೂ ಹೌದು, ಅಲ್ವಾ. ಆ ಅನುವಾದ ಮಾಡಿದವರ ಮನಸ್ಸಲ್ಲಿ ಇದಿತ್ತೋ ಇಲ್ಲವೋ, ನನಗಂತೂ ಎರಡೂ ಕೇಳಿಸುತ್ತವೆ.

ಆಮೇಲಿಂದ ನನ್ನ ಪ್ರಾರ್ಥನೆ ತುಂಬಾ ಸಣ್ಣದಾಗಿದೆ. ಬೆಳಿಗ್ಗೆ ಮೊಬೈಲ್ ಮುಟ್ಟೋಕೆ ಮುಂಚೆ ಡೈರಿಯಲ್ಲಿ ಅವತ್ತಿನ ಮೂರೋ ನಾಲ್ಕೋ ಕೆಲಸ ಬರೆಯುತ್ತೇನೆ, ಅದನ್ನೇ ಹೇಳುತ್ತೇನೆ. ಕರ್ತನೇ, ಇವತ್ತು ಮನೆ ಓನರ್‌ಗೆ ಫೋನ್ ಮಾಡಿ ಟೈಮು ಕೇಳಬೇಕು, ಕೇಳುವಾಗ ನಾಲಿಗೆ ತೊದಲದ ಹಾಗೆ ನೋಡಿಕೋ. ಇಷ್ಟೇ. ಓನರ್ ಬೈದರು, ಆದರೆ ಎರಡು ತಿಂಗಳು ಟೈಮು ಕೊಟ್ಟರು. ಇದನ್ನು ಅದ್ಭುತ ಅಂತ ಸಾಕ್ಷಿ ಹೇಳೋಕೆ ನಾನೇನು ಸ್ಟೇಜ್ ಹತ್ತುವುದಿಲ್ಲ. ಫೋನ್ ಮಾಡೋ ಧೈರ್ಯ ಬಂತು, ಅದು ಅದಕ್ಕೂ ಹಿಂದಿನ ಹತ್ತು ದಿನ ಬಂದಿರಲಿಲ್ಲ.

ಅದೇ ತಿಂಗಳು ಅವ್ವನ ಜೊತೆ ಜಗಳವೂ ಆಯಿತು. ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದು ಚರ್ಚಿನ ಕಾಣಿಕೆ ಡಬ್ಬಿಗೆ ಹಾಕೋದು ಅವಳ ಮೊದಲಿನ ರೂಢಿ. ನಮ್ಮ ಅಕ್ಕಿ ಡಬ್ಬಿ ತಳ ಕಾಣುವಾಗಲೂ ಹಾಕಿದಳು. ನನಗೆ ರೇಗಿಹೋಯಿತು, ನಮಗೇ ಇಲ್ಲ, ಯಾರಿಗೆ ಕೊಡ್ತೀ ಅಂತ ಕೂಗಾಡಿದೆ. "ಒಂದ್ ಹಿಡಿ ತೆಗದ್ರ ನಾವೇನ್ ಸಾಯಂಗಿಲ್ಲ, ಸುಮ್ನಿರು" ಅಂದು ಕುಕ್ಕರ್ ಮುಚ್ಚಿದಳು. ನಾವು ಸಾಯಲಿಲ್ಲ, ಅದೂ ನಿಜ.

ಪ್ರಾರ್ಥನೆ ಮಾಡುತ್ತಾ ಕೂತರೆ ಹೊಟ್ಟೆ ತುಂಬುತ್ತಾ ಅಂತಲೂ ನೀನು ಕೇಳಿದ್ದೀಯ. ತುಂಬಲ್ಲ. ನಮ್ಮ ಸಭೆಯ ಮೂಲವೇ ಮಗ್ಗದಲ್ಲಿದೆ, ಮರೆತೆಯಾ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳು ಸತ್ಯವೇದ ಒಂದನ್ನೇ ಕೈಗೆ ಕೊಟ್ಟು ಕೂರಲಿಲ್ಲ. ಹೊಸದಾಗಿ ಕ್ರೈಸ್ತರಾದವರಿಗೆ ಊರಲ್ಲಿ ಕಸುಬು ತಪ್ಪಿಹೋಗುತ್ತಿತ್ತು. ಅದಕ್ಕೆ ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಹಾಗಾಗಿ ನಾನೂ ಪ್ರಾರ್ಥನೆ ಮುಗಿಸಿ ಬೈಕ್ ಮಾರಿದೆ, ಸಂಜೆ ಎರಡು ಅಂಗಡಿಗಳ ಲೆಕ್ಕ ಹಿಡಿದೆ. ನಿದ್ದೆ ಬಾರದ್ದಕ್ಕೆ ಡಾಕ್ಟರ್ ಹತ್ತಿರವೂ ಹೋದೆ. ನೀನೂ ಹೋಗು, ಅದು ವಿಶ್ವಾಸ ಕಮ್ಮಿ ಅಂತ ಅರ್ಥವಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯ ಕಣೋ.

ಬುಧವಾರ ಮನೆಪ್ರಾರ್ಥನೆ ನಮ್ಮ ಮನೆಯಲ್ಲೇ ಇದೆ. ಆಯಿ ಈಗ ಮಹಡಿ ಹತ್ತುವುದಿಲ್ಲ, ಕೆಳಗಿನ ಕೋಣೆಯಲ್ಲೇ ಕೂರುತ್ತೇವೆ. ನಿನ್ನ ಹೆಸರು ಹೇಳಬೇಕು ಅಂತಿದ್ದೇನೆ. ಏನಂತ ಹೇಳಲಿ, ಮಂಗಳವಾರ ರಾತ್ರಿಯೊಳಗೆ ಬರೆದು ಕಳಿಸು. ಆಶೀರ್ವಾದ ಅಂತ ಮಾತ್ರ ಬರೆಯಬೇಡ, ಆಯಿ ಬಿಡೋದಿಲ್ಲ. ಫೈನಾನ್ಸ್‌ನವರಿಗೆ ಎಷ್ಟು ಕೊಡೋದಿದೆ, ಯಾವ ತಾರೀಖಿಗೆ, ಅದನ್ನು ಬರಿ.

ನಿನ್ನ ದೋಸ್ತ